ಗುಳಿಗೆ, ಇಲ್ಲವೇ ಆಪರೇಷನ್: ಹೆಂಗಸರ ತೊಂದರೆಗಳಿಗೆ ನಡುವಿನ ಚಿಕಿತ್ಸೆ ಎಲ್ಲಿ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಮುಂದೆ ಕೂತ ಹೆಂಗಸು ಮೊದಲು ಹೇಳುವುದು ಸೊಂಟ ನೋವು, ಸುಸ್ತು ಅಂತ. ಹಿಂದೆ ಇನ್ನೂ ಹತ್ತು ಜನ ಚೀಟಿ ಹಿಡಿದು ನಿಂತಿರುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಎಷ್ಟೋ ಕಡೆ ಡಾಕ್ಟರು ಗಂಡಸು. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ, ಕೆಳಗೆ ಏನೋ ಜಾರಿ ಬಂದ ಹಾಗಿದೆ, ಬಿಳುಪು ಹೋಗುತ್ತದೆ ಅಂತ ಅಲ್ಲಿ ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಐರನ್ ಮಾತ್ರೆ, ಕ್ಯಾಲ್ಸಿಯಂ, ನೋವಿನ ಗುಳಿಗೆ ಸಿಗುತ್ತವೆ. ತಗೊಂಡು ಮನೆಗೆ ಹೋಗುತ್ತಾಳೆ. ಮೂರು ನಾಲ್ಕು ವರ್ಷ ಹೀಗೇ ಕಳೆದ ಮೇಲೆ, ತಡೆಯಲಾರದೆ, ಸಾಲ ಮಾಡಿ ಪೇಟೆಯ ನರ್ಸಿಂಗ್ ಹೋಮಿಗೆ ಹೋಗುತ್ತಾಳೆ. ಅಲ್ಲಿ ಸ್ಕ್ಯಾನ್ ಮಾಡಿಸಿ "ಗರ್ಭಕೋಶ ತೆಗೆಸಿಬಿಡಿ" ಅನ್ನುತ್ತಾರೆ.

ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಎಲ್ಲವನ್ನೂ ಕಿತ್ತುಹಾಕುವುದು. ನಡುವೆ ಮಾಡಬಹುದಾದದ್ದು ಬೇಕಾದಷ್ಟಿದೆ: ಪರದೆ ಎಳೆದು ಸರಿಯಾಗಿ ಪರೀಕ್ಷೆ ಮಾಡುವುದು, ಜಾರಿದ ಗರ್ಭಕೋಶವನ್ನು ಎತ್ತಿಹಿಡಿಯಲು ಒಂದು ರಿಂಗ್ ಹಾಕುವುದು, ವ್ಯಾಯಾಮ ಹೇಳಿಕೊಡುವುದು, ಸೋಂಕಿದ್ದರೆ ಸರಿಯಾದ ಔಷಧ ಕೊಡುವುದು, ಸೋಂಕಿಲ್ಲ ಅಂದರೆ ಇಲ್ಲ ಅಂತ ಬಿಡಿಸಿ ಹೇಳುವುದು. ಇವು ಯಾವುವೂ ದುಬಾರಿಯಲ್ಲ. ಆದರೂ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಇಷ್ಟೇ ಕಾಣೆಯಾಗಿದೆ. ಲಕ್ಷಾಂತರ ಹೆಂಗಸರ ನೋವಿಗೆ ಕಾರಣ ಈ ಖಾಲಿ ಜಾಗ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇದೇನೂ ಹೊಸ ವಿಷಯ ಅಲ್ಲ. ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ, 1989ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬರೆದರು. ಪರೀಕ್ಷೆ ಮಾಡಿದಾಗ 100ಕ್ಕೆ 92 ಜನರಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಸಮಸ್ಯೆ ಇತ್ತು. ಅದಕ್ಕೂ ಮೊದಲು ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು 100ಕ್ಕೆ 8 ಜನ ಮಾತ್ರ. ನಮ್ಮ ರಾಜ್ಯದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಭಾಟಿಯಾ ಮತ್ತು ಕ್ಲೀಲ್ಯಾಂಡ್ ಎಂಬ ಸಂಶೋಧಕರು ಮಾಡಿದ ಸಮೀಕ್ಷೆ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಿಕ್ಕ ಮಕ್ಕಳ ತಾಯಂದಿರಲ್ಲಿ ಸುಮಾರು ಮೂರರಲ್ಲಿ ಒಬ್ಬರು ತಮಗೆ ಆಗ ಇಂಥ ತೊಂದರೆ ಇದೆ ಅಂತ ತಾವೇ ಹೇಳಿದ್ದರು. ಕೇಳಿದರೆ ಹೇಳುತ್ತಾರೆ. ಕೇಳುವವರು ಬೇಕು, ಕೇಳುವ ಜಾಗ ಬೇಕು.

ಮೊದಲು ದೇಹದ ಒಳಗೆ ಏನಿದೆ ಅಂತ ನೋಡೋಣ. ಸೊಂಟದ ಮೂಳೆಗಳ ಬುಡದಲ್ಲಿ, ಮುಂದಿನಿಂದ ಹಿಂದಕ್ಕೆ, ಜೋಲಿಯ ಹಾಗೆ ಕಟ್ಟಿಕೊಂಡಿರುವ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರೂ ನಿಂತಿರುವುದು ಈ ಸ್ನಾಯು ಮತ್ತು ಅದಕ್ಕೆ ಅಂಟಿಕೊಂಡ ನಾರುಗಳ ಆಸರೆಯಲ್ಲಿ. ಹೆರಿಗೆಯಲ್ಲಿ ಇವು ವಿಪರೀತ ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಹೆರಿಗೆ ನೋವು ತುಂಬಾ ಹೊತ್ತು ಎಳೆದರೆ, ಮಗುವನ್ನು ಹೊರಗೆಳೆಯಲು ಫೋರ್ಸೆಪ್ಸ್ (ಇಕ್ಕಳ) ಹಾಕಿದರೆ ಪೆಟ್ಟು ಜಾಸ್ತಿ. ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ, ಹುಲ್ಲಿನ ಹೊರೆ, ಸಿಮೆಂಟಿನ ಬಾಂಡ್ಲಿ ಹೊತ್ತರೆ ಅದು ವಾಸಿಯಾಗುವುದಕ್ಕೆ ಬಿಡುವೇ ಸಿಗುವುದಿಲ್ಲ. ಸೌದೆ ಒಲೆಯ ಹೊಗೆಯಿಂದ ಬಂದ ಹಳೇ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗುವುದು, ಇವೆಲ್ಲ ಅದರ ಮೇಲೆ ಸೇರಿಕೊಳ್ಳುತ್ತವೆ. ಆಗ ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುತ್ತದೆ. ಇನ್ನು ಕೆಲವರಿಗೆ ಗರ್ಭಕೋಶವೇ ಜಾರಿ ಯೋನಿಯ ಬಾಯಿಗೆ ಬರುತ್ತದೆ. ಸಂಜೆ ಹೊತ್ತಿಗೆ ಭಾರ ಎಳೆದ ಹಾಗಾಗುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ.

ಹೀಗಿರುವವರು ಬದುಕನ್ನು ಹೇಗೆ ಕಿರಿದು ಮಾಡಿಕೊಳ್ಳುತ್ತಾರೆ ಅನ್ನುವುದನ್ನು ಯಾವ ಅಂಕಿಅಂಶವೂ ಹೇಳುವುದಿಲ್ಲ. ನೀರು ಕುಡಿಯುವುದು ಕಡಿಮೆ ಮಾಡುತ್ತಾರೆ. ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಬಸ್ಸು ಫ್ರೀ ಇದ್ದರೂ ಧರ್ಮಸ್ಥಳಕ್ಕೆ ಹೋಗಿ ಬರೋಣ ಅಂದರೆ "ನನಗೆ ಅಷ್ಟು ಹೊತ್ತು ಕೂರಕ್ಕಾಗಲ್ಲ, ನೀವು ಹೋಗಿ ಬನ್ನಿ" ಅನ್ನುತ್ತಾರೆ. ಗಾರ್ಮೆಂಟ್ಸ್ ಫ್ಯಾಕ್ಟರಿಯ ಲೈನಿನಲ್ಲಿ ಟಾರ್ಗೆಟ್ ಮುಗಿಯುವವರೆಗೆ ಟಾಯ್ಲೆಟ್‌ಗೆ ಎದ್ದು ಹೋಗುವುದೇ ಕಷ್ಟ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂತವರಿಗೆ ಉರಿಮೂತ್ರ, ಸೋಂಕು ಬೇರೆ. ವಯಸ್ಸಾಯ್ತು, ಮಕ್ಕಳನ್ನು ಹೆತ್ತಿದ್ದೀವಿ, ಇದೆಲ್ಲ ಇದ್ದದ್ದೇ ಅಂತ ಅಮ್ಮ, ಅತ್ತೆ, ಅಕ್ಕ ಎಲ್ಲರೂ ಹೇಳುತ್ತಾರೆ. ತುಂಬಾ ಜನಕ್ಕೆ ಆಗುತ್ತದೆ ನಿಜ. ಹಾಗಂತ ಸಹಿಸಿಕೊಂಡೇ ಇರಬೇಕು ಅಂತಿಲ್ಲ ಅಲ್ವಾ?

ಹೆರಿಗೆಯ ವಿಷಯದಲ್ಲಿ ಕರ್ನಾಟಕ ದೊಡ್ಡ ಕೆಲಸ ಮಾಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ 100ಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ. ಹೆರಿಗೆ ಆದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. 3, 7, 14, 21, 28, 42ನೇ ದಿನ ಅಂತ ಲೆಕ್ಕ ಇದೆ. ಮಗುವಿನ ತೂಕ ನೋಡುತ್ತಾರೆ, ಹೊಕ್ಕಳು ನೋಡುತ್ತಾರೆ, ತಾಯಿಗೆ ಜ್ವರ ಇದೆಯಾ, ರಕ್ತ ಜಾಸ್ತಿ ಹೋಗುತ್ತಿದೆಯಾ ಕೇಳುತ್ತಾರೆ. 42ನೇ ದಿನ ಮುಗಿದರೆ ತಾಯಿಯ ಕಡತವೂ ಮುಗಿದ ಹಾಗೆ. ಮುಂದೆ ಬರುವುದೆಲ್ಲ ಮಗುವಿಗಾಗಿ. ಆದರೆ ಮೂತ್ರ ಸೋರುವುದು, ಹೊಲಿಗೆ ಹಾಕಿದ ಜಾಗದಲ್ಲಿ ನೋವು, ಗಂಡನ ಜೊತೆ ಸೇರುವಾಗ ನೋವು, ಕೆಳಗೆ ಭಾರ, ಇವು ಎದ್ದು ಕಾಣುವುದು ಆಕೆ ಮತ್ತೆ ಕೆಲಸಕ್ಕೆ ಇಳಿದ ಮೇಲೆ, ಅಂದರೆ ಆ 42 ದಿನ ಕಳೆದ ಮೇಲೆ. ಆಶಾ ಕೇಳಬೇಕಾದ ಪ್ರಶ್ನೆಗಳಲ್ಲಿ "ಕೆಮ್ಮಿದಾಗ ಮೂತ್ರ ಹೋಗುತ್ತಾ ಅಕ್ಕಾ?" ಅನ್ನುವ ಒಂದು ಪ್ರಶ್ನೆ ಸೇರಿಸಿ, ಆರು ತಿಂಗಳಿಗೆ ಇನ್ನೊಂದು ಭೇಟಿ ಇಟ್ಟರೆ ಎಷ್ಟೋ ತೊಂದರೆ ಮೊದಲ ಹಂತದಲ್ಲೇ ಸಿಗುತ್ತದೆ.

ಮೊದಲ ಹಂತದಲ್ಲಿ ಸಿಕ್ಕರೆ ಏನು ಮಾಡಬಹುದು? ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದದ್ದರಿಂದ ಅದಕ್ಕೆ ಕೆಗೆಲ್ ವ್ಯಾಯಾಮ ಅನ್ನುತ್ತಾರೆ. ಮೂತ್ರವನ್ನೂ ಗ್ಯಾಸನ್ನೂ ಒಟ್ಟಿಗೆ ತಡೆಹಿಡಿಯುವಾಗ ಯಾವ ಸ್ನಾಯು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳುತ್ತದೋ ಅದನ್ನು ಬಿಗಿಹಿಡಿಯಬೇಕು. ಐದು ಎಣಿಸುವವರೆಗೆ ಹಿಡಿದು ಪೂರ್ತಿ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು. ಉಸಿರು ಕಟ್ಟಬಾರದು. ಮೂತ್ರ ಮಾಡುತ್ತಿರುವಾಗ ಅಭ್ಯಾಸ ಮಾಡಬಾರದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿದರೆ ಕೆಮ್ಮಿದಾಗ ಸೋರುವುದು ತುಂಬಾ ಜನರಲ್ಲಿ ಕಡಿಮೆಯಾಗುತ್ತದೆ. ಇದಕ್ಕೆ ಒಳ್ಳೆಯ ಸಂಶೋಧನೆಯ ಆಧಾರವಿದೆ. ಆದರೆ ಸುಮ್ನೆ ಒಂದು ಹಾಳೆ ಕೈಗೆ ಕೊಟ್ಟು ಕಳಿಸಿದರೆ ಸಾಲದು. ಎಷ್ಟೋ ಜನ ಬಿಗಿಹಿಡಿಯುವ ಬದಲು ಕೆಳಕ್ಕೆ ತಿಣುಕುತ್ತಾರೆ, ಅದರಿಂದ ಇನ್ನೂ ಹೆಚ್ಚಾಗುತ್ತದೆ. ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಒಮ್ಮೆ ಸರಿಯಾಗಿ ಮಾಡುತ್ತಿದ್ದಾರಾ ಅಂತ ನೋಡಿ ಹೇಳಬೇಕು. ಇನ್ನು ಕೆಲವರಲ್ಲಿ ಈ ಸ್ನಾಯು ಸಡಿಲ ಆಗಿರುವುದಿಲ್ಲ, ಗಂಟು ಕಟ್ಟಿದ ಹಾಗೆ ಬಿಗಿಯಾಗಿರುತ್ತದೆ. ಅವರಿಗೆ ಸೇರುವಾಗ ನೋವು, ಮೂತ್ರ ಶುರುವಾಗುವುದೇ ಕಷ್ಟ. ಅಂಥವರು ಕಲಿಯಬೇಕಾದದ್ದು ಸಡಿಲ ಬಿಡುವುದನ್ನು. ಫ್ರಾನ್ಸಿನಲ್ಲಿ ಹೆರಿಗೆಯಾದವರಿಗೆ ಈ ತರಬೇತಿಯ ಖರ್ಚನ್ನು 1980ರ ದಶಕದಿಂದ ಸರ್ಕಾರಿ ವಿಮೆಯೇ ಕೊಡುತ್ತಿದೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಫಿಸಿಯೋಥೆರಪಿ ವಿಭಾಗ ಇದೆ, ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಮಂಡಿ, ಬೆನ್ನು, ಲಕ್ವದ ಚಿಕಿತ್ಸೆ. ಬೆಂಗಳೂರು, ಮಣಿಪಾಲದಂಥ ಕಡೆ ಈ ಕೆಲಸ ಕಲಿತವರು ಸಿಗುತ್ತಾರೆ. ಯಾದಗಿರಿಯ ಹಳ್ಳಿಯ ಹೆಂಗಸು ಅಲ್ಲಿಗೆ ಹೋಗುವುದು ಹೇಗೆ?

ಗರ್ಭಕೋಶ ಜಾರಿದವರಿಗೆ ಇನ್ನೊಂದು ದಾರಿ ರಿಂಗ್ ಪೆಸರಿ. ಅಂಗೈಯಲ್ಲಿ ಹಿಡಿಸುವ, ಬಳೆಯಂಥ ಮೆತ್ತನೆಯ ಉಂಗುರ. ಸಿಲಿಕೋನಿನದೂ ಇದೆ, ಪಿವಿಸಿಯದೂ ಇದೆ. ಡಾಕ್ಟರು ಬೆರಳಿನಿಂದ ಅಳತೆ ನೋಡಿ, ಉಂಗುರವನ್ನು ಮಡಚಿ ಯೋನಿಯೊಳಗೆ ಸೇರಿಸುತ್ತಾರೆ. ಒಳಗೆ ಹೋದ ಮೇಲೆ ಅದು ಬಿಚ್ಚಿಕೊಂಡು ಗರ್ಭಕೋಶವನ್ನು ಮೇಲೆ ಹಿಡಿಯುತ್ತದೆ. ಆಮೇಲೆ ಎದ್ದು ನಡೆಯಿರಿ, ಕೆಮ್ಮಿ, ಕುಕ್ಕರಗಾಲಲ್ಲಿ ಕೂತು ನೋಡಿ, ಮೂತ್ರ ಮಾಡಿ ಬನ್ನಿ ಅನ್ನುತ್ತಾರೆ. ಅಳತೆ ಸರಿಯಾಗಿದ್ದರೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಜಾರಿದರೆ ಇನ್ನೊಂದು ಸೈಜು, ಚುಚ್ಚಿದರೆ ಚಿಕ್ಕದು. ಮೂರು ತಿಂಗಳಿಗೋ ಆರು ತಿಂಗಳಿಗೋ ತೆಗೆದು, ತೊಳೆದು, ಒಳಗೆ ಹುಣ್ಣಾಗಿದೆಯಾ ನೋಡಿ ಮತ್ತೆ ಹಾಕಬೇಕು. ಎಷ್ಟೋ ಜನ ತಾವೇ ತೆಗೆದು ಹಾಕಲು ಕಲಿಯುತ್ತಾರೆ. ಪಿವಿಸಿ ರಿಂಗಿನ ಬೆಲೆ ಕೆಲವು ನೂರು ರೂಪಾಯಿ. ಎಲ್ಲರಿಗೂ ಹೊಂದುವುದಿಲ್ಲ, ಆಪರೇಷನ್ ಬೇಕಾಗುವವರೂ ಇದ್ದಾರೆ. ಆದರೆ ಹೀಗೊಂದು ವಸ್ತು ಇದೆ ಅಂತ ಹೇಳುವವರೇ ಇಲ್ಲದಿರುವುದು ನನಗೆ ತುಂಬಾ ಬೇಸರದ ಸಂಗತಿ. ಸರ್ಕಾರಿ ವಿಮೆಯಲ್ಲಿ ಆಪರೇಷನ್‌ಗೆ ಪ್ಯಾಕೇಜ್ ಇದೆ. ಕೂತು ರಿಂಗ್ ಹಾಕಿ, ಕಲಿಸಿ, ಮತ್ತೆ ಕರೆಸಿ ನೋಡುವ ಕೆಲಸಕ್ಕೆ ಆಸ್ಪತ್ರೆಗೆ ಏನೂ ಹುಟ್ಟುವುದಿಲ್ಲ.

ಬಿಳುಪಿನ ಕತೆ ಸ್ವಲ್ಪ ಬೇರೆ. ಮುಟ್ಟಿನ ನಡುವಿನ ದಿನಗಳಲ್ಲಿ ತಿಳಿಯಾಗಿ, ಲೋಳೆಯಾಗಿ ಹೋಗುವುದು ಸಹಜ. ವಾಸನೆ, ತುರಿಕೆ, ಉರಿ, ಮೊಸರಿನ ಹಾಗೆ ಗಟ್ಟಿ, ಹಸಿರು ಬಣ್ಣ, ರಕ್ತದ ಕಲೆ ಇದ್ದರೆ ರೋಗ ಇರಬಹುದು. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ಬಿಳುಪು ಹೋಗುತ್ತದೆ ಅಂದವರಲ್ಲಿ ಸೋಂಕಿಗಿಂತ ಮನಸ್ಸಿನ ಸಂಕಟ, ಸುಸ್ತು, ಖಿನ್ನತೆಯ ನಂಟೇ ಗಟ್ಟಿಯಾಗಿ ಕಂಡಿತು. ಹಾಗಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಕುಡುಕ ಗಂಡ, ಸಾಲ, ನಿದ್ದೆಯಿಲ್ಲದ ರಾತ್ರಿ, ಇವನ್ನು ಹೇಳಿಕೊಳ್ಳಲು ಆಸ್ಪತ್ರೆಯಲ್ಲಿ ಬೇರೆ ಬಾಗಿಲು ಇಲ್ಲ. ಆಕೆಗೆ ಆಂಟಿಬಯಾಟಿಕ್ ಕೋರ್ಸಿನ ಮೇಲೆ ಕೋರ್ಸು ಕೊಟ್ಟರೆ ಗುಣವಾಗುವುದಿಲ್ಲ. ಗುಣವಾಗಲಿಲ್ಲ ಅಂದ ಕೂಡಲೇ ಮುಂದಿನ ಮಾತು ಗರ್ಭಕೋಶದ್ದು.

ಮುಟ್ಟಿನ ನೋವಿಗೂ ಹೀಗೇ. ಹುಡುಗಿಯರು ಮೆಫ್ಟಾಲ್ ನುಂಗಿಕೊಂಡು ಕಾಲೇಜಿಗೆ ಹೋಗುತ್ತಾರೆ. ಆ ಗುಳಿಗೆಗೂ ಬಗ್ಗದ, ಪ್ರತಿ ತಿಂಗಳು ಹಾಸಿಗೆ ಹಿಡಿಸುವ, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುವ ನೋವು ಎಂಡೊಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥ ಪೊರೆ ಹೊರಗಡೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತಕ್ಕೆ ಒಬ್ಬರಿಗೆ ಇದೆ. ಸಾಧಾರಣ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. "ಮದುವೆಯಾದರೆ ಸರಿಹೋಗುತ್ತೆ, ಮಗುವಾದರೆ ಸರಿಹೋಗುತ್ತೆ" ಅನ್ನುತ್ತಾ ಮನೆಯವರು ಮುಂದಕ್ಕೆ ಹಾಕುತ್ತಾರೆ. ಪತ್ತೆಯಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಈಗ ಆಪರೇಷನ್ ವಿಷಯಕ್ಕೆ ಬರುತ್ತೇನೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಒಂದು ಸಂಗತಿ ಹೊರಗೆ ಬಂತು. ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಹೊಟ್ಟೆನೋವು, ಬಿಳುಪು ಅಂತ ಕೆಲವು ಖಾಸಗಿ ಆಸ್ಪತ್ರೆಗಳಿಗೆ ಹೋದರೆ, ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ ಗರ್ಭಚೀಲ ತೆಗೆದು ಕಳಿಸುತ್ತಿದ್ದರು ಎಂಬ ಆರೋಪ ಅದು. ಹೀಗೆ ತೆಗೆಸಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು ಅಂತ ವರದಿಯಾಯಿತು. ಅವರಲ್ಲಿ ತುಂಬಾ ಜನ ನಲವತ್ತು ದಾಟದವರು. ತನಿಖೆ ನಡೆಯಿತು, ಹೆಂಗಸರು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತು ನ್ಯಾಯ ಕೇಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ ಹೆಂಗಸರ ಸುದ್ದಿ ಬಂತು. ಕಟಾವಿನ ಕಾಲದಲ್ಲಿ ಒಂದು ದಿನ ರಜೆ ಹಾಕಿದರೆ ಮುಕಾದಮ (ಕೂಲಿಯಾಳು ಕರೆತರುವ ಗುತ್ತಿಗೆದಾರ) ದಂಡ ಹಾಕುತ್ತಾನೆ. ಮುಟ್ಟಿನ ನೋವು, ಬಿಳುಪು ಯಾಕೆ ಬೇಕು ಅಂತ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಊರೂರಲ್ಲಿ ಸಿಕ್ಕರು. ಮರಾಠವಾಡದ ಕಬ್ಬು ಕಡಿಯುವವರು ಪ್ರತಿ ವರ್ಷ ಕರ್ನಾಟಕದ ಕಬ್ಬಿನ ಗದ್ದೆಗಳಿಗೂ ಬರುತ್ತಾರೆ. ಪ್ಲಾಸ್ಟಿಕ್ ಹೊದಿಸಿದ ಗುಡಿಸಲು, ಬಚ್ಚಲಿಲ್ಲ, ಶೌಚಾಲಯ ಇಲ್ಲ. ಸೋಂಕು ಬರದೆ ಇನ್ನೇನಾದೀತು?

2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ 15ರಿಂದ 49ರ ವಯಸ್ಸಿನ 100 ಹೆಂಗಸರಲ್ಲಿ ಮೂವರಿಗೆ ಗರ್ಭಕೋಶ ತೆಗೆದಾಗಿತ್ತು. ಆಂಧ್ರದಲ್ಲಿ ಸುಮಾರು 9, ತೆಲಂಗಾಣದಲ್ಲಿ ಸುಮಾರು 8. ಈ ಆಪರೇಷನ್‌ಗಳಲ್ಲಿ ಮೂರನೇ ಎರಡರಷ್ಟು ಆಗಿದ್ದು ಖಾಸಗಿ ಆಸ್ಪತ್ರೆಗಳಲ್ಲಿ.

ಹೆದರಿಸುವುದು ಹೇಗೆ ಅಂತ ಗೊತ್ತಿರಲಿ. ಸ್ಕ್ಯಾನ್ ರಿಪೋರ್ಟಿನಲ್ಲಿ "ಬಲ್ಕಿ ಯೂಟರಸ್" ಅಂತ ಇರುತ್ತದೆ. ಮಕ್ಕಳನ್ನು ಹೆತ್ತವರ ಗರ್ಭಕೋಶ ಸ್ವಲ್ಪ ದೊಡ್ಡದಿರುವುದು ಸಾಮಾನ್ಯ. "ನಬೋಥಿಯನ್ ಸಿಸ್ಟ್" ಅಂತ ಇರುತ್ತದೆ. ಅದು ಗರ್ಭಕೊರಳಿನಲ್ಲಿ ಲೋಳೆ ತುಂಬಿದ ಸಣ್ಣ ಗುಳ್ಳೆ, ಏನೂ ಮಾಡಬೇಕಿಲ್ಲ. ಸಣ್ಣ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಂಟು) ಇದ್ದು ರಕ್ತ ಜಾಸ್ತಿ ಹೋಗುತ್ತಿಲ್ಲ ಅಂದರೆ ಕಾಯಬಹುದು, ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ರಕ್ತ ಜಾಸ್ತಿ ಹೋಗುವವರಿಗೂ ಮೊದಲು ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ಇದೆ, ಹಾರ್ಮೋನು ಮಾತ್ರೆ ಇದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ಸಾಧನ ಇದೆ. ಇಂಗ್ಲಿಷಿನಲ್ಲಿರುವ ಆ ರಿಪೋರ್ಟನ್ನು ಓದಿ ಹೇಳುವವರು ಇಲ್ಲದಾಗ "ಗಂಟಿದೆ" ಅನ್ನುವ ಒಂದು ಮಾತು ಸಾಕು, ಮನೆಯವರೆಲ್ಲ ಕಂಗಾಲಾಗುತ್ತಾರೆ. ಕ್ಯಾನ್ಸರಿನ ಭಯ ಇಷ್ಟು ಬೇಗ ನಾಟುವುದಕ್ಕೆ ಕಾರಣ, ಅದನ್ನು ಪತ್ತೆ ಮಾಡುವ ಸರಳ ತಪಾಸಣೆಯೇ ಆಗದಿರುವುದು. 2019–21ರ ಸಮೀಕ್ಷೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡಿದ್ದವರು ದೇಶದಲ್ಲಿ 100ಕ್ಕೆ ಇಬ್ಬರೂ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ ಹತ್ತರ ಹತ್ತಿರ ಇದ್ದಾರೆ, ಅಂದರೆ ಮನಸ್ಸು ಮಾಡಿದರೆ ಆಗುತ್ತದೆ.

ಇಷ್ಟು ಸುಲಭವಾಗಿ ಗರ್ಭಕೋಶ ತೆಗೆಸುವುದಕ್ಕೆ ಇನ್ನೊಂದು ಕಾರಣ, ಅದನ್ನು ನಾವೆಲ್ಲ ಒಪ್ಪಿಕೊಂಡುಬಿಟ್ಟಿರುವುದು. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ಸಂತಾನಹರಣ ಆಪರೇಷನ್ ಆಗಿತ್ತು, ಅದೂ ಚಿಕ್ಕ ವಯಸ್ಸಿನಲ್ಲೇ. ಮಕ್ಕಳಾಯ್ತು, ಆಪರೇಷನ್ ಆಯ್ತು, ಇನ್ನು ಆ ಚೀಲ ಇಟ್ಟುಕೊಂಡು ಏನು ಮಾಡುತ್ತೀಯ ಅನ್ನುವ ಮಾತು ಮನೆಯಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ. ಅಂಡಾಶಯವನ್ನೂ ಜೊತೆಗೆ ತೆಗೆದರೆ ಅವತ್ತೇ ಮುಟ್ಟು ನಿಂತ ಹಾಗೆ. ಮೂವತ್ತೈದರ ಹೆಂಗಸಿಗೆ ಮೈ ಬಿಸಿಯೇರುವುದು, ಬೆವರು, ನಿದ್ದೆ ಹೋಗುವುದು ಶುರು. ಮೂಳೆ ಸವೆತ, ಹೃದ್ರೋಗದ ಅಪಾಯ ಬೇಗ ಬರುತ್ತದೆ. ಅಂಡಾಶಯ ಉಳಿಸಿದರೂ ಅದು ಸ್ವಲ್ಪ ಬೇಗ ಕೆಲಸ ನಿಲ್ಲಿಸಬಹುದು. ಸಡಿಲವಾದ ಸ್ನಾಯು ಹಾಗೇ ಉಳಿದಿರುವುದರಿಂದ ಮೂತ್ರ ಸೋರುವುದು ನಿಲ್ಲದೇ ಇರಬಹುದು, ಯೋನಿಯ ಮೇಲ್ಭಾಗವೇ ಮತ್ತೆ ಜಾರಬಹುದು. ಯಾವ ತೊಂದರೆಗೆ ಅಂತ ಹೋದಳೋ ಅದು ಉಳಿಯುತ್ತದೆ, ಹೊಸದು ಸೇರುತ್ತದೆ, ಸಾಲ ಬೇರೆ.

ರಾಜಸ್ಥಾನ, ಬಿಹಾರ, ಛತ್ತೀಸ್‌ಗಢದಲ್ಲಿ ಬೇಡದೆ ಗರ್ಭಕೋಶ ತೆಗೆದ ಪ್ರಕರಣಗಳ ಬಗ್ಗೆ ಜನಾರೋಗ್ಯ ಕಾರ್ಯಕರ್ತ ಡಾ. ನರೇಂದ್ರ ಗುಪ್ತಾ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಏಪ್ರಿಲ್‌ನಲ್ಲಿ ಕೋರ್ಟು, ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು. ರಾಜ್ಯಕ್ಕೊಂದು, ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿ ಇರಬೇಕು, ಯಾರಿಗೆ ಯಾವ ವಯಸ್ಸಿನಲ್ಲಿ ಯಾಕೆ ತೆಗೆದರು ಅಂತ ಲೆಕ್ಕ ಇಡಬೇಕು ಅನ್ನುವುದು ಅದರ ತಿರುಳು. ಖಾಸಗಿ ಆಸ್ಪತ್ರೆಗಳ ಮೇಲೆ ಕಣ್ಣಿಡಲು ನಮ್ಮಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯೂ ಇದೆ. ನನ್ನ ಮಟ್ಟಿಗೆ ಈ ಸಮಿತಿಗಳು ಬೇಕೇ ಬೇಕು, ಅವುಗಳ ಲೆಕ್ಕ ಪ್ರತಿ ವರ್ಷ ಜನರ ಕಣ್ಣಿಗೆ ಬೀಳಬೇಕು. ಆದರೆ ತಡೆಯುವುದಷ್ಟೇ ಮಾಡಿ ನಡುವಿನ ಚಿಕಿತ್ಸೆ ಕೊಡದಿದ್ದರೆ ಆಕೆ ಮತ್ತೆ ನೋವಿನ ಗುಳಿಗೆಗೇ ವಾಪಸ್. ನೇಪಾಳದಲ್ಲಿ ಇದೇ ನೋಡಿದ್ದೇವೆ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗರ್ಭಕೋಶ ಜಾರುವುದು ಹೆಣ್ಣಿನ ಹಕ್ಕಿನ ಪ್ರಶ್ನೆ ಅಂತ ಹೇಳಿತು. ಸರ್ಕಾರ ಕ್ಯಾಂಪ್ ಮಾಡಿ ಸಾವಿರಾರು ಆಪರೇಷನ್ ಮಾಡಿಸಿತು. ಬಾಣಂತಿಗೆ ವಿಶ್ರಾಂತಿ, ಭಾರ ಹೊರುವುದರಿಂದ ಬಿಡುವು, ಚಿಕ್ಕ ವಯಸ್ಸಿನ ಮದುವೆ ತಡೆಯುವುದು, ಇವು ಹಿಂದೆ ಬಿದ್ದವು ಅಂತ ಆಮೇಲೆ ಟೀಕೆ ಬಂತು.

ಇಲ್ಲಿ ಮಾಡಬಹುದಾದದ್ದು ಕಣ್ಣಮುಂದೆಯೇ ಇದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಪರದೆ ಇರುವ ಕೋಣೆಯಲ್ಲಿ, ಹೆಣ್ಣು ಸಿಬ್ಬಂದಿಯೇ ನೋಡುವ ಕ್ಲಿನಿಕ್ ಇರಲಿ. ಎಲ್ಲ ಕಡೆ ಸ್ತ್ರೀರೋಗ ತಜ್ಞರು ಸಿಗಲಿ ಅಂತ ಕಾಯಬೇಕಿಲ್ಲ. ತರಬೇತಿ ಕೊಟ್ಟರೆ ನರ್ಸುಗಳೇ ರಿಂಗ್ ಹಾಕಬಲ್ಲರು, ವ್ಯಾಯಾಮ ಕಲಿಸಬಲ್ಲರು. ಈ ಎರಡಕ್ಕೂ ವಿಮೆಯಿಂದ ದುಡ್ಡು ಬರುವ ಹಾಗಿರಲಿ.

ಅಲ್ಲಿಯವರೆಗೆ, ಗರ್ಭಕೋಶ ತೆಗೆಸಿ ಅಂತ ಯಾರಾದರೂ ಹೇಳಿದರೆ ಅದೇ ದಿನ ಅಡ್ಮಿಟ್ ಆಗಬೇಡಿ. ಯಾವ ಕಾಯಿಲೆಗೆ ತೆಗೆಯುತ್ತೀರಿ, ಬಯಾಪ್ಸಿ (ಒಳಗಿನ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದೆಯಾ, ಮಾತ್ರೆ ಅಥವಾ ರಿಂಗ್ ಯಾಕೆ ಆಗಲ್ಲ, ಅಂಡಾಶಯ ಉಳಿಸುತ್ತೀರಾ ಅಂತ ಕೇಳಿ. ರಿಪೋರ್ಟಿನ ಪ್ರತಿ ಈಸಿಕೊಂಡು ಜಿಲ್ಲಾಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬರಿಗೆ ತೋರಿಸಿ. ಬಿಳುಪು, ಸೋರುವುದು, ಜಾರುವುದು, ಇವಕ್ಕೆ ಸಾಮಾನ್ಯವಾಗಿ ನಾಲ್ಕು ವಾರ ಕಾದರೆ ಏನೂ ಕೆಡುವುದಿಲ್ಲ. ಕಾಯಬಾರದ್ದೂ ಇದೆ: ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಬಂದರೆ, ಕೆಟ್ಟ ವಾಸನೆಯ ರಕ್ತ ಬೆರೆತ ಬಿಳುಪು ಹೋದರೆ ಅದೇ ವಾರ ತೋರಿಸಬೇಕು. ಒಂದೊಂದು ಗಂಟೆಗೆ ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ, ಮೂತ್ರವೇ ಕಟ್ಟಿಕೊಂಡರೆ ಅದೇ ದಿನ.